ಕಬ್ಬಿನ ದ್ವೀಪ ಜಾವಾ

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲ್ಲೂಕಿನ ಗಡಿಗ್ರಾಮ ಕೊಗನೊಳ್ಳಿ. ಅದರ ಸುತ್ತಣ ಸೀಮೆಯಲ್ಲಿ ಹೊಗೆಸೊಪ್ಪಿನಂತೆ ಕಬ್ಬೂ ಮುಖ್ಯ ಬೆಳೆ. ದಕ್ಷಿಣ ಭಾರತದ ಕಬ್ಬಿನ ಚರಿತ್ರೆಯನ್ನು ಅರಸುತ್ತ ಹೊರಟರೆ ಅದರ ಒಂದು ಎಳೆ ಕಡಲಾಚೆಯ ಜಾವಾ ದ್ವೀಪವನ್ನು ಮುಟ್ಟುತ್ತದೆ.

ಆಗ್ನೇಯ ಏಷ್ಯದ ಇಂಡೋನೇಷ್ಯಾ ಹದಿನೇಳು ಸಾವಿರಕ್ಕೂ ಮಿಕ್ಕ ದ್ವೀಪಗಳ ದೇಶ. ಅದು ಸಮಭಾಜಕ ವೃತ್ತದ ಎರಡೂ ಬದಿಗೆ ಹರಡಿದೆ. ಅಲ್ಲಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಜಾವಾದಲ್ಲಿಯೇ ನೆಲಸಿದ್ದಾರೆ. ಜ್ವಾಲಾಮುಖಿಗಳು ಉಗುಳಿದ ಬೂದಿಯಿಂದ ಆ ದ್ವೀಪದ ಮಣ್ಣು ಫಲವತ್ತಾಗಿದೆ, ಮಳೆಯೂ ಹೇರಳ.

ಆದರೆ ಈ ಫಲವತ್ತತೆಯೇ ರೈತನಿಗೆ ಶಾಪವಾಯಿತು. 1830ರಲ್ಲಿ ಡಚ್ಚರು ಕಡ್ಡಾಯ ಬೇಸಾಯ ಪದ್ಧತಿಯನ್ನು ಜಾರಿಗೆ ತಂದರು. ಹಳ್ಳಿಗರು ತಮ್ಮ ಭೂಮಿಯ ಐದನೆಯ ಒಂದು ಭಾಗದಲ್ಲಿ ಕಬ್ಬು, ನೀಲಿ ಮೊದಲಾದ ರಫ್ತಿನ ಬೆಳೆಗಳನ್ನು ಬೆಳೆದು ಸರ್ಕಾರಕ್ಕೆ ಒಪ್ಪಿಸಬೇಕಾಗಿತ್ತು. ಅನೇಕ ಕಡೆ ಈ ಮಿತಿಯೂ ಮೀರಿತು. ಲಾಭವು ಹಾಲೆಂಡಿನ ಬೊಕ್ಕಸವನ್ನು ಸೇರಿತು. 1840ರ ದಶಕದ ಕೊನೆಯಲ್ಲಿ ಮಧ್ಯ ಜಾವಾದ ಜನ ಕ್ಷಾಮಕ್ಕೆ ತುತ್ತಾದರು.

ಇದೇ ದ್ವೀಪದ ಪಸುರುವಾನ್ ಪ್ರಯೋಗ ಕೇಂದ್ರದಲ್ಲಿ 1921ರಲ್ಲಿ ಕಾಡುಕಬ್ಬಿನ ಅಂಶವುಳ್ಳ, ರೋಗವನ್ನು ಎದುರಿಸಬಲ್ಲ 'ಪಿ.ಒ.ಜೆ. 2878' ತಳಿ ಹುಟ್ಟಿತು. ಕೊಯಮತ್ತೂರಿನ ವಿಜ್ಞಾನಿಗಳು ಅದನ್ನು ತಮ್ಮ 'ಕೋ 290' ತಳಿಯೊಡನೆ ಸಂಕರಗೊಳಿಸಿ 'ಕೋ 419' ಕಬ್ಬನ್ನು ಪಡೆದರು. ಅದು ದಕ್ಷಿಣ ಭಾರತದ ಗದ್ದೆಗಳಲ್ಲಿ ದಶಕಗಳ ಕಾಲ ಮೆರೆಯಿತು.

ಇಂಡೋನೇಷ್ಯಾ 1945ರ ಆಗಸ್ಟ್ 17ರಂದು ಸ್ವಾತಂತ್ರ್ಯವನ್ನು ಘೋಷಿಸಿತು; ನಾಲ್ಕು ವರ್ಷಗಳ ಹೋರಾಟದ ಬಳಿಕ, 1949ರ ಡಿಸೆಂಬರಿನಲ್ಲಿ, ಡಚ್ಚರು ಅದನ್ನು ಒಪ್ಪಿಕೊಂಡರು. ಅಂದಿನಿಂದ ಜಾವಾದ ನೆಲದಲ್ಲಿ ಏನನ್ನು ಬೆಳೆಯಬೇಕೆಂಬುದನ್ನು ಹೊರಗಿನ ದೊರೆಗಳು ನಿರ್ಧರಿಸುವ ಕಾಲ ಮುಗಿಯಿತು.