ಬಾಗಿಲು ತೆರೆಯುವ ಹೊತ್ತಿನ ಮಾತು

2021ನೆಯ ಇಸವಿಯ ಜೂನ್ 3ರಂದು, ಕೊರೋನಾದ ಎರಡನೆಯ ಅಲೆಯ ಉಬ್ಬರ ತಗ್ಗಿ ಮಹಾರಾಷ್ಟ್ರದ ಜನತೆ ನಿರ್ಬಂಧಗಳ ಸಡಿಲಿಕೆಯನ್ನು ಎದುರುನೋಡುತ್ತಿದ್ದ ಸಮಯದಲ್ಲಿ, ರಾಜ್ಯದ ಪರಿಹಾರ ಮತ್ತು ಪುನರ್ವಸತಿ ಸಚಿವರಾಗಿದ್ದ ವಿಜಯ್ ವಡೆಟ್ಟಿವಾರ್ ಅವರು ಪತ್ರಕರ್ತರ ಮುಂದೆ ನಿಂತು, ಐದು ಹಂತಗಳ ಯೋಜನೆಯೊಂದು ಸಿದ್ಧವಾಗಿದೆಯೆಂದೂ ಮರುದಿನದಿಂದಲೇ 18 ಜಿಲ್ಲೆಗಳಲ್ಲಿ ಲಾಕ್‌ಡೌನ್ ತೆರವಾಗುವುದೆಂದೂ ಸಾರಿದರು. ಕೆಲವೇ ಗಂಟೆಗಳಲ್ಲಿ ಅದೇ ಸರಕಾರದ ವಾರ್ತಾ ಇಲಾಖೆಯಿಂದ ಇನ್ನೊಂದು ಪ್ರಕಟಣೆ ಹೊರಟಿತು: ನಿರ್ಬಂಧಗಳನ್ನು ತೆಗೆದಿಲ್ಲ, ಪ್ರಸ್ತಾಪವಿನ್ನೂ ಪರಿಶೀಲನೆಯಲ್ಲಿದೆ. ತಾವು ಹೇಳಿದುದು ತಾತ್ತ್ವಿಕ ಒಪ್ಪಿಗೆಯ ಮಾತೆಂದು ಸಚಿವರು ಬಳಿಕ ಸಮಜಾಯಿಷಿ ಕೊಟ್ಟರು. ನಿಜವಾದ ಆದೇಶ ಆಮೇಲೆ ಹೊರಬಿದ್ದು ಜೂನ್ 7ರಿಂದ ಜಾರಿಗೆ ಬಂದಿತು.

ಈ ಪ್ರಸಂಗವನ್ನು ವಿರೋಧ ಪಕ್ಷದವರು ಮೂರು ಪಕ್ಷಗಳ ಸಮ್ಮಿಶ್ರ ಸರಕಾರದೊಳಗಿನ ಹೊಂದಾಣಿಕೆಯ ಅಭಾವವೆಂದು ಟೀಕಿಸಿದರು. ಪತ್ರಿಕೆಗಳು ಒಂದೆರಡು ದಿನ ಚರ್ಚಿಸಿ ಮುಂದಿನ ಸುದ್ದಿಗೆ ಹೊರಳಿದವು. ಆದರೆ ಪಶ್ಚಿಮ ರೈಲ್ವೆಯ ಹಳಿಗಳಿಂದ ಇಬ್ಭಾಗವಾಗಿ, ಪೂರ್ವದಲ್ಲಿ ಪ್ರಾಚೀನ ಶೈವ ಗುಹಾಲಯವನ್ನೂ ಪಶ್ಚಿಮದಲ್ಲಿ ಓಶಿವರದ ಪೀಠೋಪಕರಣಗಳ ಮಾರುಕಟ್ಟೆಯನ್ನೂ ಇರಿಸಿಕೊಂಡು, ಮೇಘವಾಡಿ, ಬಾಂದ್ರೇಕರ್‌ವಾಡಿ, ಬೆಹ್ರಾಮ್ ಬಾಗ್‌ಗಳ ಇಕ್ಕಟ್ಟಿನಲ್ಲಿ ಮರಾಠಿ, ಉರ್ದು, ಹಿಂದಿ, ಗುಜರಾತಿ, ಕನ್ನಡ, ತುಳುಗಳನ್ನಾಡುವ ಜನರನ್ನು ಒತ್ತೊತ್ತಾಗಿ ಪೋಷಿಸುತ್ತಿರುವ ಜೋಗೇಶ್ವರಿಯಂತಹ ಉಪನಗರದಲ್ಲಿ ನಿಂತು ನೋಡಿದವರಿಗೆ, ಒಂದು ಸಂಜೆಯ ಆ ಎರಡು ಮಾತುಗಳ ನಡುವಣ ಅಂತರವು ಎಂತಹ ನಷ್ಟವನ್ನು ಮಾಡಬಲ್ಲುದೆಂಬುದು ಕಣ್ಣಿಗೆ ಕಟ್ಟುವಂತೆ ತಿಳಿಯುತ್ತದೆ.

ಅಲ್ಲಿನ ಯಾವುದಾದರೊಂದು ಉಡುಪಿ ಹೋಟೆಲಿನ ಅಡುಗೆಮನೆಯನ್ನು ನೋಡಿರಿ. ಬೆಳಗಿನ ಆರು ಗಂಟೆಗೆ ಇಡ್ಲಿ ಬಟ್ಟಲಿಗೆ ಬರಬೇಕಾದರೆ ಹಿಂದಿನ ದಿನ ಮಧ್ಯಾಹ್ನವೇ ಅಕ್ಕಿಯೂ ಉದ್ದೂ ನೆನೆಯಬೇಕು, ಸಂಜೆ ಗ್ರೈಂಡರು ತಿರುಗಬೇಕು, ರಾತ್ರಿಯೆಲ್ಲ ಹಿಟ್ಟು ಹುದುಗಿ ಉಬ್ಬಬೇಕು. ನಾಳೆ ಗಿರಾಕಿಗಳನ್ನು ಕೂರಿಸಬಹುದೋ ಅಥವಾ ಪಾರ್ಸೆಲ್ ಮಾತ್ರವೋ ಎಂಬುದು ತಿಳಿಯದೆ ಎಷ್ಟು ಸೇರು ಅಕ್ಕಿ ನೆನೆಹಾಕುವುದು? ಜೂನ್ ತಿಂಗಳ ಮುಂಬಯಿಯ ಸೆಖೆಯಲ್ಲಿ ಉಬ್ಬಿದ ಹಿಟ್ಟು ಖರ್ಚಾಗದೆ ಉಳಿದರೆ ಹುಳಿಯೇರಿ ಚೆಲ್ಲುವುದಕ್ಕಷ್ಟೇ ಯೋಗ್ಯ. ಲಾಕ್‌ಡೌನಿನ ದೆಸೆಯಿಂದ ಕುಂದಾಪುರಕ್ಕೋ ಕಾರ್ಕಳಕ್ಕೋ ಮರಳಿದ್ದ ಅಡುಗೆಯವರು ಫೋನಿನಲ್ಲಿ, “ಅಣ್ಣಾ, ಹೊರಟು ಬರಲೋ, ಇನ್ನೂ ಇಲ್ಲಿಯೇ ಇರಲೋ?” ಎಂದು ಕೇಳಿದಾಗ ಮಾಲಕರು ಕೊಡಬೇಕಾದ ಉತ್ತರವು ಒಂದು ಬಸ್ಸಿನ ಟಿಕೇಟಿನ, ಒಂದು ತಿಂಗಳ ಸಂಬಳದ, ಒಂದು ಸಂಸಾರದ ಊಟದ ಪ್ರಶ್ನೆಯಾಗಿತ್ತು. ಸರಕಾರದ ಮಾತೆಂಬುದು ಕೆಳಗಿಳಿದು ಬಂದಂತೆ ಹೀಗೆ ಅಕ್ಕಿಯಾಗಿ, ಟಿಕೇಟಾಗಿ, ಕೂಲಿಯಾಗಿ ರೂಪಾಂತರ ಹೊಂದುತ್ತದೆ. ಮೇಲೆ ನುಡಿಯುವವರು ಇದನ್ನು ಮರೆಯುವುದು ಸುಲಭ.

ಬೀಗ ಹಾಕುವಾಗ ಒಂದೇ ಮಾತು ಸಾಕಾಗುತ್ತದೆ: ಮನೆಯಲ್ಲಿರಿ. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಮಂತ್ರಿಗಳು ನುಡಿದ ಆ ಮಾತು ನಾಲ್ಕೇ ಗಂಟೆಗಳ ಅವಧಿಯಲ್ಲಿ ದೇಶವನ್ನು ನಿಲ್ಲಿಸಿತು. ಅದರ ಕ್ರೂರ ಪರಿಣಾಮಗಳು ಬೇರೆ ವಿಷಯ, ಅರ್ಥದಲ್ಲಿ ಮಾತ್ರ ಸಂದಿಗ್ಧತೆಯಿರಲಿಲ್ಲ. ತೆರೆಯುವಾಗಲಾದರೋ ಯಾರು, ಎಲ್ಲಿ, ಯಾವ ವೇಳೆಯಲ್ಲಿ, ಎಷ್ಟು ಜನ, ಯಾವ ಷರತ್ತಿನ ಮೇಲೆ ಎಂಬ ನೂರು ಪ್ರಶ್ನೆಗಳೇಳುತ್ತವೆ. ಆದುದರಿಂದ ಮುಚ್ಚುವ ಕಾಲಕ್ಕಿಂತ ತೆರೆಯುವ ಕಾಲದಲ್ಲಿ ಸರಕಾರಕ್ಕೆ ನಾಲಗೆಯ ಶಿಸ್ತು ಹೆಚ್ಚು ಬೇಕು. ಈ ಮಾತಿಗೆ ಮುಂಬಯಿಗಿಂತ ಉತ್ತಮ ನಿದರ್ಶನ ನಮ್ಮ ದೇಶದಲ್ಲಿ ದೊರೆಯುವುದು ದುರ್ಲಭ.

2020ರ ಮೇ 31ರಂದು ಮುಖ್ಯಮಂತ್ರಿ ಉದ್ಧವ್ ಠಾಕ್ರೆಯವರು ‘ಮಿಷನ್ ಬಿಗಿನ್ ಅಗೇನ್’ ಎಂಬ ಯೋಜನೆಯನ್ನು ಘೋಷಿಸುವಾಗ ‘ಪುನಶ್ಚ ಹರಿಃ ಓಂ’ ಎಂದರು. ಅದು ಲೋಕಮಾನ್ಯ ತಿಲಕರು ಸೆರೆವಾಸದ ಅನಂತರ ಮತ್ತೆ ‘ಕೇಸರಿ’ ಪತ್ರಿಕೆಯ ಲೇಖನಿ ಹಿಡಿದಾಗ ತಮ್ಮ ಲೇಖನಕ್ಕೆ ಕೊಟ್ಟ ಶಿರೋನಾಮೆ. ಆ ಸೆರೆವಾಸಕ್ಕೂ ಒಂದು ಮಹಾಮಾರಿಗೂ ಸಂಬಂಧವಿದ್ದಿತೆಂಬುದನ್ನು ಇಲ್ಲಿ ಸ್ಮರಿಸಬೇಕು. 1896ರಲ್ಲಿ ಮುಂಬಯಿಗೆ ಪ್ಲೇಗು ಕಾಲಿಟ್ಟಾಗ ಆಂಗ್ಲ ಸರಕಾರವು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಪುಣೆಯಲ್ಲಿ ಪ್ಲೇಗ್ ಕಮಿಷನರ್ ರ‍್ಯಾಂಡ್ ಸೋಲ್ಜರರನ್ನು ಮನೆಮನೆಗೆ ನುಗ್ಗಿಸಿದನು. ಅದೇ ವರ್ಷ ಜೂನ್ 22ರಂದು ಅವನ ಮೇಲೆ ಗುಂಡು ಹಾರಿತು. ರಾಜದ್ರೋಹದ ಆಪಾದನೆಯಿಂದ ತಿಲಕರು ಸೆರೆಮನೆ ಸೇರಿದರು. 1898ರ ಮಾರ್ಚಿನಲ್ಲಿ ಮುಂಬಯಿಯ ಮದನಪುರದಲ್ಲಿ ಪ್ಲೇಗಿನ ತಪಾಸಣೆಗೆ ಬಂದವರ ವಿರುದ್ಧ ನೇಕಾರರು ದಂಗೆಯೆದ್ದರು. ರೋಗಿಯನ್ನು ಏತಕ್ಕೆ ಒಯ್ಯುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ, ಮರಳಿ ಕಳುಹಿಸುತ್ತಾರೆಯೆ ಎಂಬುದನ್ನು ಜನರಿಗೆ ನಂಬುಗೆ ಬರುವಂತೆ ಹೇಳಬಲ್ಲವರಿರಲಿಲ್ಲ. ಆ ಶೂನ್ಯವನ್ನು ವದಂತಿ ತುಂಬಿತು. 123 ವರ್ಷಗಳ ಬಳಿಕ ಬಂದ ಮಹಾಮಾರಿಯನ್ನೂ ಅದೇ 1897ರ ಕಾಯಿದೆಯ ಬಲದಿಂದಲೇ ನಿಯಂತ್ರಿಸಹೊರಟ ಪ್ರಜಾಸರಕಾರಗಳು ಆ ಚರಿತ್ರೆಯ ಪಾಠವನ್ನು ಇನ್ನಷ್ಟು ಶ್ರದ್ಧೆಯಿಂದ ಓದಬೇಕಾಗಿತ್ತು. 2020ರ ಏಪ್ರಿಲ್ 14ರಂದು, ರೈಲು ಹೊರಡಲಿದೆಯೆಂಬ ಸುಳ್ಳು ಸುದ್ದಿಯನ್ನು ನಂಬಿ ಬಾಂದ್ರಾ ನಿಲ್ದಾಣದ ಹೊರಗೆ ಹಸಿದ ವಲಸೆ ಕಾರ್ಮಿಕರು ಸಾವಿರಗಟ್ಟಲೆ ನೆರೆದುದು ಅಂತಹ ಶೂನ್ಯದ ಫಲವೇ ಸರಿ.

ಠಾಕ್ರೆಯವರ ಮಾತಿನ ಧಾಟಿಯನ್ನು ಅನೇಕರು ಮೆಚ್ಚಿದರು. ಮನೆಯ ಹಿರಿಯರೊಬ್ಬರು ಸಮಾಧಾನದಿಂದ ತಿಳಿಹೇಳುವ ರೀತಿ ಅದರಲ್ಲಿದ್ದುದು ನಿಜ. ಆದರೆ ಭಾಷಣ ಬೇರೆ, ಆದೇಶ ಬೇರೆ. ಭಾಷಣ ಮರಾಠಿಯಲ್ಲಿ ಸಂಜೆಗೆ ಬರುತ್ತಿತ್ತು. ಮುಖ್ಯ ಕಾರ್ಯದರ್ಶಿಗಳ ಆದೇಶ ಇಂಗ್ಲಿಷಿನಲ್ಲಿ, ಕಲಮು ಉಪಕಲಮುಗಳೊಡನೆ, ವಾಟ್ಸ್ಯಾಪಿನಲ್ಲಿ ಹರಿದಾಡುತ್ತಿತ್ತು. ಅದರ ಮೇಲೆ ಮಹಾನಗರಪಾಲಿಕೆಯದು ಒಂದು, ಪೋಲೀಸರದು ಇನ್ನೊಂದು. ಜೂನ್ 5ರಿಂದ ರಸ್ತೆಯ ಒಂದು ಮಗ್ಗುಲಿನ ಅಂಗಡಿಗಳು ಒಂದು ದಿನ, ಇನ್ನೊಂದು ಮಗ್ಗುಲಿನವು ಮರುದಿನ ಎಂಬ ನಿಯಮ ಬಂತು. ಅಗಲವಾದ ನೇರ ರಸ್ತೆಗೆ ಸಲ್ಲುವ ಈ ನಿಯಮವು, ಓಣಿಯೊಳಗೆ ಓಣಿ ಮುರಿದುಕೊಳ್ಳುವ ವಾಡಿಗಳಲ್ಲಿ ಮೂಲೆಯಂಗಡಿಯವನು ಯಾವ ಮಗ್ಗುಲಿಗೆ ಸೇರಿದವನೆಂಬುದನ್ನು ಹೇಗೆ ನಿರ್ಣಯಿಸಬೇಕು?

ಎಲ್ಲಕ್ಕಿಂತ ಹೆಚ್ಚು ಚರ್ಚೆಗೊಳಗಾದುದು ಎರಡು ಕಿಲೋಮೀಟರಿನ ನಿಯಮ. ‘ಮತ್ತೆ ಆರಂಭ’ದ ಘೋಷಣೆಗೆ ಒಂದು ತಿಂಗಳು ತುಂಬುವ ಮುನ್ನವೇ, ಜೂನ್ 28ರಂದು, ಖರೀದಿಗಾಗಲಿ ವ್ಯಾಯಾಮಕ್ಕಾಗಲಿ ಮನೆಯಿಂದ ಎರಡು ಕಿಲೋಮೀಟರಿನಾಚೆ ಹೋಗಕೂಡದೆಂದು ಮುಂಬಯಿ ಪೋಲೀಸರು ಪ್ರಕಟಿಸಿದರು, ಮರುದಿನದಿಂದಲೇ ನಾಕಾಬಂದಿಗಳಲ್ಲಿ ಸಾವಿರಾರು ವಾಹನಗಳನ್ನು ಜಪ್ತು ಮಾಡಲಾಯಿತು. ಜೋಗೇಶ್ವರಿಯವನು ಸಾಮಾನಿಗಾಗಿ ಅಂಧೇರಿಗೆ ಹೋದರೆ ಅದು ಎರಡು ಕಿಲೋಮೀಟರಿನ ಒಳಗೋ ಹೊರಗೋ? ಅಳತೆ ಹಕ್ಕಿಯ ಹಾರಾಟದ್ದೋ, ಮೇಲುಸೇತುವೆಯನ್ನು ಸುತ್ತಿಬರುವ ರಸ್ತೆಯದೋ? ಉತ್ತರವು ಆ ಕ್ಷಣದಲ್ಲಿ ನಾಕಾದಲ್ಲಿ ನಿಂತ ಶಿಪಾಯಿಯ ವಿವೇಚನೆಗೆ ಬಿಟ್ಟಿತ್ತು. ರಾಜ್ಯದ ಆದೇಶದಲ್ಲಿ ನೆರೆಹೊರೆಯೆಂಬ ಮಾತಿದ್ದಿತೇ ಹೊರತು ಈ ಅಂಕಿಯಿರಲಿಲ್ಲ. ಜನರ ಅಸಮಾಧಾನ ಬೆಳೆದು, ಜುಲೈ ಮೊದಲ ವಾರದಲ್ಲಿಯೇ ಆ ಅಂಕಿ ಮರೆಯಾಯಿತು. ಹೀಗೆ ಒಂದು ವಾರ ಬದುಕಿದ ನಿಯಮವು ಸೋಂಕನ್ನು ಎಷ್ಟು ತಡೆಯಿತೋ ದೇವರೇ ಬಲ್ಲ. ಮುಂದಿನ ನಿಯಮದ ಮೇಲಿನ ಗೌರವವನ್ನು ಮಾತ್ರ ತಗ್ಗಿಸಿತು. 2021ರ ಏಪ್ರಿಲಿನಲ್ಲಿ ವಾಹನಗಳಿಗೆ ಕೆಂಪು, ಹಸಿರು, ಹಳದಿ ಸ್ಟಿಕ್ಕರು ಅಂಟಿಸಬೇಕೆಂದ ನಿಯಮಕ್ಕೂ ಅಷ್ಟೇ ಆಯುಷ್ಯ.

ಐದು ಹಂತಗಳ ಯೋಜನೆಗೆ ಮರಳೋಣ. ನನ್ನ ಅಭಿಪ್ರಾಯದಲ್ಲಿ ಇಡೀ ಮಹಾಮಾರಿಯ ಅವಧಿಯಲ್ಲಿ ಸರಕಾರ ರೂಪಿಸಿದ ಅತ್ಯಂತ ವಿವೇಕಯುತವಾದ ಮಾನದಂಡ ಅದು. ವಾರದ ಪಾಸಿಟಿವಿಟಿ ಪ್ರಮಾಣ ಶೇಕಡಾ 5ಕ್ಕಿಂತ ಕಡಿಮೆ, ಆಕ್ಸಿಜನ್ ಹಾಸಿಗೆಗಳು ತುಂಬಿದುದು ಶೇಕಡಾ 25ಕ್ಕಿಂತ ಕಡಿಮೆಯಾದರೆ ಒಂದನೆಯ ಹಂತ. ಪಾಸಿಟಿವಿಟಿ ಶೇಕಡಾ 20 ಮೀರಿದರೆ ಅಥವಾ ಹಾಸಿಗೆಗಳು ಶೇಕಡಾ 75ಕ್ಕಿಂತ ಹೆಚ್ಚು ತುಂಬಿದರೆ ಐದನೆಯ ಹಂತ. ಕಾರಣವನ್ನು ಅಂಕಿಯಲ್ಲಿ ಹೇಳಿ, ಫಲವನ್ನು ಅದಕ್ಕೆ ಕಟ್ಟಿಹಾಕಿದ್ದರಿಂದ, ನಾಗರಿಕನು ಮುಂದಿನ ವಾರವನ್ನು ತಾನೇ ಊಹಿಸಬಹುದಾಗಿತ್ತು. ಮುಂಬಯಿಯ ಪಾಸಿಟಿವಿಟಿ 5ರ ಗೆರೆಯನ್ನು ಸ್ವಲ್ಪವೇ ಮೀರಿದ್ದುದರಿಂದ ನಗರ ಮೂರನೆಯ ಹಂತಕ್ಕೆ ಸೇರಿತು: ಅಂಗಡಿಗಳು ನಾಲ್ಕು ಗಂಟೆಯವರೆಗೆ, ಹೋಟೆಲುಗಳಲ್ಲಿ ವಾರದ ದಿನಗಳಂದು ನಾಲ್ಕರವರೆಗೆ ಅರ್ಧ ಆಸನಗಳು, ಆಮೇಲೆ ಪಾರ್ಸೆಲ್. ಸಂಜೆಯ ಗಿರಾಕಿಯಿಂದಲೇ ಜೀವಿಸುವ ಉದ್ಯಮಕ್ಕೆ ನಾಲ್ಕು ಗಂಟೆಯ ಗಡುವು ಅನ್ಯಾಯವೆಂದು ಹೋಟೆಲು ಮಾಲಕರ ಸಂಘ ‘ಆಹಾರ್’ ಮೊರೆಯಿಟ್ಟಿತು. ಮುಂದಿನ ವಾರಗಳಲ್ಲಿ ಅಂಕಿಗಳು ಇಳಿದು ನಗರವು ಎರಡನೆಯ, ಆಮೇಲೆ ಒಂದನೆಯ ಹಂತಕ್ಕೂ ಅರ್ಹವಾಯಿತು. ಮಹಾನಗರಪಾಲಿಕೆ ಮಾತ್ರ ಜನಸಾಂದ್ರತೆ, ಲೋಕಲ್ ರೈಲುಗಳ ದಟ್ಟಣೆ, ಮೂರನೆಯ ಅಲೆಯ ಭೀತಿಗಳನ್ನು ಮುಂದಿಟ್ಟು ಮೂರರಲ್ಲಿಯೇ ನಿಲ್ಲಿಸಿತು. ಜೂನ್ ಅಂತ್ಯಕ್ಕೆ, ಡೆಲ್ಟಾ ಪ್ಲಸ್ ಎಂಬ ರೂಪಾಂತರಿ ವೈರಾಣುವಿನ ಭಯದಿಂದ, ಯಾವ ಜಿಲ್ಲೆಯೂ ಮೂರಕ್ಕಿಂತ ಕೆಳಗಿಳಿಯಕೂಡದೆಂದು ರಾಜ್ಯವೇ ಆಜ್ಞಾಪಿಸಿತು. ಎಚ್ಚರಿಕೆ ಸಕಾರಣವಾಗಿದ್ದಿರಬಹುದು. ಆದರೆ ಇಷ್ಟು ಇಳಿದರೆ ಇಷ್ಟು ತೆರೆಯುತ್ತೇವೆಂದು ಬರೆದುಕೊಟ್ಟ ಮೇಲೆ, ಜನರು ಇಳಿಸಿ ತೋರಿಸಿದಾಗ, ತೆರೆಯದಿರುವವರು ಕಲಮಿನ ಭಾಷೆಯಲ್ಲಿ ಅಲ್ಲದೆ ಮುಖಾಮುಖಿಯಾಗಿ ಕಾರಣ ಹೇಳುವ ಋಣಕ್ಕೊಳಗಾಗುತ್ತಾರೆ. ಆ ಋಣ ಸಂದಾಯವಾಗಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೇ ನಗರದಲ್ಲಿದ್ದಿತು. ಪಾಲಿಕೆಯು 24 ವಾರ್ಡುಗಳಲ್ಲಿ ಒಂದೊಂದು ‘ವಾರ್ ರೂಮ್’ ತೆರೆದು, ಹಾಸಿಗೆ ಬೇಕಾದವರು ಕೇಂದ್ರ ಕಚೇರಿಯ ಬದಲು ತಮ್ಮ ವಾರ್ಡಿಗೇ ಫೋನು ಮಾಡುವ ವ್ಯವಸ್ಥೆ ಮಾಡಿತು. ಹತ್ತಿರದಲ್ಲಿ ಉತ್ತರ ಹೇಳುವವರೊಬ್ಬರು ಇರುವರೆಂಬ ಧೈರ್ಯ ಅದರಿಂದ ಹುಟ್ಟಿತು. ಹಾಸಿಗೆಯ ವಿಷಯದಲ್ಲಿ ಸಾಧ್ಯವಾದುದು ನಿಯಮದ ವಿಷಯದಲ್ಲಿ ಏತಕ್ಕೆ ಅಸಾಧ್ಯ?

ಮುಂಬಯಿ ಕನ್ನಡಿಗರಿಗಂತೂ ಎರಡು ಸರಕಾರಗಳ ಮಾತನ್ನು ಏಕಕಾಲದಲ್ಲಿ ಅರ್ಥೈಸಿಕೊಳ್ಳುವ ಸಂಕಟ. ಮಹಾರಾಷ್ಟ್ರ ಊರಿಗೆ ಹೋಗಲು ಪಾಸು ಕೊಡುತ್ತಿದ್ದಾಗ, 2020ರ ಮೇ 18ರಂದು ಕರ್ನಾಟಕವು ಮಹಾರಾಷ್ಟ್ರದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ನಿಷೇಧಿಸಿತು. ಕರ್ನಾಟಕದ ಸೇವಾಸಿಂಧು ಜಾಲತಾಣದಲ್ಲಿ ನೋಂದಣಿ, ಸಾಂಸ್ಥಿಕ ಕ್ವಾರಂಟೈನಿನ ದಿನಗಳ ಲೆಕ್ಕ, ಇವು ಮೇಲಿಂದಮೇಲೆ ಬದಲಾದವು. ಆಗಸ್ಟ್ 24ರಂದು ಎಲ್ಲವೂ ಒಮ್ಮೆಲೇ ರದ್ದಾದವು. ಅದಕ್ಕೂ ಮುನ್ನ, ಜೂನ್ ಆರಂಭದಲ್ಲಿ ಉಡುಪಿ ಜಿಲ್ಲೆಯ ಸೋಂಕಿನ ಸಂಖ್ಯೆ ಏರಿದಾಗ ನಿತ್ಯದ ಬುಲೆಟಿನ್ನುಗಳು ‘ಮಹಾರಾಷ್ಟ್ರದಿಂದ ಹಿಂತಿರುಗಿದವರು’ ಎಂದು ಪ್ರತ್ಯೇಕವಾಗಿ ಎಣಿಸಿ ಹೇಳಿದವು. ಅಂಕಿ ಸತ್ಯವೇ ಆಗಿದ್ದರೂ, ದಶಕಗಳ ಕಾಲ ಊರಿನ ದೇವಸ್ಥಾನಕ್ಕೂ ಶಾಲೆಗೂ ಹಣ ಕಳುಹಿಸಿದವರು ತಮ್ಮದೇ ಮನೆಯಂಗಳದಲ್ಲಿ ರೋಗವಾಹಕರೆನಿಸಿಕೊಂಡು ನಿಲ್ಲುವಂತಾಯಿತು. ಅಂಕಿಯೊಡನೆ ಒಂದು ಅನುಕಂಪದ ವಾಕ್ಯವನ್ನು ಸೇರಿಸುವುದು ಯಾವ ಇಲಾಖೆಗೂ ಭಾರವಾಗುತ್ತಿರಲಿಲ್ಲ.

ಪರದೇಶಗಳಲ್ಲೂ ಎಡವಿದವರಿದ್ದಾರೆ. 2020ರ ಮೇ ತಿಂಗಳಲ್ಲಿ ಬ್ರಿಟನ್ನಿನ ಪ್ರಧಾನಿ ‘ಮನೆಯಲ್ಲಿರಿ’ ಎಂಬುದನ್ನು ‘ಎಚ್ಚರವಾಗಿರಿ’ ಎಂದು ಬದಲಿಸಿದಾಗ ಸ್ಕಾಟ್ಲೆಂಡ್, ವೇಲ್ಸ್‌ಗಳ ಆಡಳಿತಗಳು ಅದನ್ನು ಒಪ್ಪಲಿಲ್ಲ. ನ್ಯೂಜಿಲೆಂಡ್ ಮಾತ್ರ ಮುಚ್ಚುವ ಮುನ್ನವೇ, ಮಾರ್ಚ್ 21ರಂದೇ, ನಾಲ್ಕು ಹಂತಗಳ ಪಟ್ಟಿಯನ್ನು ಜನರ ಕೈಗಿತ್ತಿತು. ನಮ್ಮ ದೇಶದಲ್ಲಿಯೇ ಕೇರಳದ ಮುಖ್ಯಮಂತ್ರಿಗಳು ಸಂಜೆಯ ಪತ್ರಿಕಾಗೋಷ್ಠಿಯಲ್ಲಿ ತಾವೇ ಕುಳಿತು ವಿವರ ಹೇಳುತ್ತಿದ್ದರು.

ಮಹಾರಾಷ್ಟ್ರದ ನಿರ್ಬಂಧಗಳು 2022ರ ಯುಗಾದಿಯ ಹೊತ್ತಿಗೆ ಪೂರ್ಣವಾಗಿ ತೆರವಾದವು. ಇನ್ನೊಂದು ಮಹಾಮಾರಿ ಬಾರದಿರಲೆಂದು ಹಾರೈಸೋಣ. ಬರುವುದಾದರೆ ಮಾತಿನ ಸಿದ್ಧತೆಯೂ ಔಷಧದ ಸಿದ್ಧತೆಯಷ್ಟೇ ಮುಂಚಿತವಾಗಿ ಆಗಿರಬೇಕು. ಆದೇಶಕ್ಕೆ ಸಹಿ ಬೀಳುವ ಮೊದಲು ಯಾವ ಸಚಿವರೂ ಅದನ್ನು ಸಾರಬಾರದು; ಸಾರಿದ ಮೇಲೆ ಜಾರಿಗೆ ಬರಲು ಎರಡು ದಿನಗಳ ಅವಕಾಶವಿರಬೇಕು; ಕಾರಣವೂ ಮರುಪರಿಶೀಲನೆಯ ದಿನಾಂಕವೂ ಅದೇ ಕಾಗದದಲ್ಲಿರಬೇಕು. ಮುಂಬಯಿ ಮಹಾನಗರಪಾಲಿಕೆಯು ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತದೆ. ಆ ಎಂಟೂ ಭಾಷೆಗಳಲ್ಲಿ ಒಂದು ಪುಟದ ಪ್ರಕಟಣೆಯನ್ನು ಪ್ರತಿ ವಾರ್ಡು ಕಚೇರಿಯ ಫಲಕದಲ್ಲಿ ಅಂಟಿಸಬೇಕೆಂದು ನಗರದ ಕನ್ನಡ ಸಂಘಗಳು ಇಂದೇ ಪಾಲಿಕೆಗೆ ಅರ್ಜಿ ಸಲ್ಲಿಸಲಿ.