ಪೂರ್ವ ಏಷ್ಯದ ನೆರೆಕರೆ

ದೂರದ ನೆಂಟನಿಗಿಂತ ಹತ್ತಿರದ ನೆರೆಯವನೇ ಮೇಲು ಎಂಬ ಅರ್ಥದ ಗಾದೆಯೊಂದು ಚೀನಾ, ಜಪಾನ್, ಕೊರಿಯಾ ಈ ಮೂರು ದೇಶಗಳಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿದೆ. ಅದರ ಸತ್ಯವನ್ನು ತಿಳಿಯಲು ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಮನೆಗೆ ಬೆಂಕಿ ಬಿದ್ದಾಗ ಕೊಡಪಾನ ಹಿಡಿದು ಓಡಿಬರುವವನು ನೆರೆಮನೆಯವನು. ಪರವೂರಿನ ಬಂಧುವಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಾಡು ಬೂದಿಯಾಗಿರುತ್ತದೆ. ಆದರೆ ಬೇಲಿಯ ಜಗಳ, ನೀರಿನ ಜಗಳ, ದಾರಿಯ ಜಗಳಗಳು ಹುಟ್ಟುವುದು ಸಹ ಅದೇ ನೆರೆಯವನೊಡನೆ. ನೆರೆಕರೆಯೆಂಬುದು ನಾವು ಆರಿಸಿಕೊಂಡುದಲ್ಲ; ನಮಗೆ ದೊರೆತುದು.

ರಾಷ್ಟ್ರಗಳ ವಿಷಯದಲ್ಲಿಯೂ ಇದೇ ನಿಯಮ. ವಿದ್ಯಾರ್ಥಿಗಳು ಭೂಪಟದ ಪುಸ್ತಕವನ್ನು ತೆರೆದು ಏಷ್ಯಾಖಂಡದ ಮೂಡಣ ಅಂಚನ್ನು ನೋಡಲಿ. ದಕ್ಷಿಣ ಕೊರಿಯಾದ ಬಂದರುಪಟ್ಟಣವಾದ ಬುಸಾನಿಗೂ ಜಪಾನಿಗೆ ಸೇರಿದ ಸುಶಿಮಾ ದ್ವೀಪಕ್ಕೂ ನಡುವೆ ಇರುವ ಕಡಲಿನ ಅಗಲ ಸುಮಾರು ೫೦ ಕಿಲೋಮೀಟರು ಮಾತ್ರ. ಆಕಾಶ ನಿರ್ಮಲವಾಗಿರುವ ದಿನ ಈ ದಡದಿಂದ ಆ ದ್ವೀಪದ ಬೆಟ್ಟಗಳು ಕಾಣುತ್ತವೆ. ಇಷ್ಟು ಸಮೀಪವಿದ್ದರೂ ಇವರ ನಡುವಿನ ಚರಿತ್ರೆ ಸುಖದ್ದಲ್ಲ. ೧೯೧೦ರಿಂದ ೧೯೪೫ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಗೆ ಒಳಪಟ್ಟಿತ್ತು. ೧೯೩೭ರಲ್ಲಿ ಜಪಾನು ಚೀನಾದ ಮೇಲೆ ದೊಡ್ಡ ಯುದ್ಧವನ್ನೇ ಹೂಡಿತು. ೧೯೫೦ರಲ್ಲಿ ಮೊದಲಾದ ಕೊರಿಯಾ ಯುದ್ಧದಲ್ಲಿ ಚೀನಾದ ಸೈನ್ಯವೂ ದಕ್ಷಿಣ ಕೊರಿಯಾದ ಸೈನ್ಯವೂ ಎದುರುಬದುರಾಗಿ ಹೋರಾಡಿದುವು. ಜಪಾನ್ ಮತ್ತು ದಕ್ಷಿಣ ಕೊರಿಯಾಗಳ ನಡುವೆ ರಾಯಭಾರ ಸಂಬಂಧ ಏರ್ಪಟ್ಟುದು ೧೯೬೫ರಲ್ಲಿ. ಜಪಾನ್ ಮತ್ತು ಚೀನಾಗಳ ನಡುವೆ ೧೯೭೨ರಲ್ಲಿ. ಚೀನಾ ಮತ್ತು ದಕ್ಷಿಣ ಕೊರಿಯಾಗಳ ನಡುವೆ ೧೯೯೨ರಷ್ಟು ತಡವಾಗಿ.

ಹೀಗೆ ಒಬ್ಬರಿಂದೊಬ್ಬರು ನೊಂದ ನೆರೆಯವರು ಕೂಡಿ ಕೆಲಸಮಾಡುವುದು ಸಾಧ್ಯವೇ? ಸಾಧ್ಯವಾದರೆ ಅದು ಎಲ್ಲಿಂದ ಮೊದಲಾಗಬೇಕು? ಹಳೆಯ ಲೆಕ್ಕವೆಲ್ಲ ತೀರಿ ಮನಸ್ಸುಗಳು ಒಂದಾಗುವವರೆಗೆ ಕಾಯಬೇಕೆ? ಪೂರ್ವ ಏಷ್ಯದ ಅನುಭವವು ಈ ಪ್ರಶ್ನೆಗೆ ಕೊಡುವ ಉತ್ತರವನ್ನು ಇಲ್ಲಿ ವಿಚಾರಿಸೋಣ.

ಮೊದಲು ಇವರನ್ನು ಒಂದೇ ಮೇಜಿನ ಸುತ್ತ ಕುಳ್ಳಿರಿಸಿದುದು ಪ್ರೀತಿಯಲ್ಲ, ಆಪತ್ತು. ಆಗ್ನೇಯ ಏಷ್ಯದ ಐದು ದೇಶಗಳು ೧೯೬೭ರ ಆಗಸ್ಟ್ ೮ರಂದು ಬ್ಯಾಂಕಾಕಿನಲ್ಲಿ ಆಸಿಯಾನ್ ಎಂಬ ಸಂಘವನ್ನು ಕಟ್ಟಿಕೊಂಡಿದ್ದುವು. ಕ್ರಮೇಣ ಬೆಳೆದ ಆ ಸಂಘದಲ್ಲಿ ಇಂದು ೧೧ ದೇಶಗಳಿವೆ. ಅದರ ಸದಸ್ಯನಾದ ಥಾಯ್ಲೆಂಡಿನ ನಾಣ್ಯಕ್ಕೆ ಬಾತ್ ಎಂದು ಹೆಸರು. ೧೯೯೭ರ ಜುಲೈ ೨ರಂದು ಆ ದೇಶದ ಸರಕಾರವು ತನ್ನ ನಾಣ್ಯದ ಬೆಲೆಯನ್ನು ಹಿಡಿದು ನಿಲ್ಲಿಸಲಾರದೆ ಕೈಬಿಟ್ಟಿತು. ಡಾಲರೊಂದಕ್ಕೆ ಸುಮಾರು ೨೫ ಬಾತ್ ಇದ್ದುದು, ಮುಂದಿನ ಜನವರಿಯಲ್ಲಿ ೫೦ನ್ನೂ ಮೀರಿತು. ಒಂದು ಮನೆಗೆ ಹತ್ತಿದ ಬೆಂಕಿ ಸಾಲುಮನೆಗಳಿಗೆ ಹರಡುವಂತೆ ಈ ವಿಪತ್ತು ಮಲೇಷ್ಯಾ, ಇಂಡೋನೇಷ್ಯಾಗಳನ್ನು ಸುಟ್ಟು ದಕ್ಷಿಣ ಕೊರಿಯಾವನ್ನು ಮುಟ್ಟಿತು. ಕೊರಿಯಾವು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕಾಗಿ ಕೈಯೊಡ್ಡಬೇಕಾಯಿತು. ಆಗ ಅಲ್ಲಿನ ಸುಮಾರು ೩೫ ಲಕ್ಷ ಜನರು ಮದುವೆಯ ಉಂಗುರಗಳನ್ನೂ, ಮಕ್ಕಳ ಮೊದಲ ಹುಟ್ಟುಹಬ್ಬದ ಉಂಗುರಗಳನ್ನೂ ದೇಶದ ಸಾಲ ತೀರಿಸಲೆಂದು ತಂದು ಒಪ್ಪಿಸಿದರು. ಹೀಗೆ ಕೂಡಿದ ಬಂಗಾರ ಸುಮಾರು ೨೨೭ ಟನ್.

ಈ ಸಂಕಟದ ನಡುವೆ, ೧೯೯೭ರ ಡಿಸೆಂಬರಿನಲ್ಲಿ, ಆಸಿಯಾನ್ ದೇಶಗಳ ನಾಯಕರೂ ಚೀನಾ, ಜಪಾನ್, ದಕ್ಷಿಣ ಕೊರಿಯಾಗಳ ನಾಯಕರೂ ಕೌಲಾಲಂಪುರದಲ್ಲಿ ಮೊದಲ ಬಾರಿಗೆ ಒಟ್ಟಾಗಿ ಸೇರಿದರು. ೨೦೦೦ದ ಮೇ ತಿಂಗಳಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಅವರ ಹಣಕಾಸಿನ ಮಂತ್ರಿಗಳು ಒಂದು ಒಪ್ಪಂದಕ್ಕೆ ಬಂದರು. ಇದರ ಕ್ರಮ ಹೀಗೆ: ಒಂದು ದೇಶಕ್ಕೆ ಡಾಲರಿನ ಅಭಾವ ಒದಗಿತೆಂದು ಭಾವಿಸೋಣ. ಅದು ತನ್ನ ನಾಣ್ಯವನ್ನು ನೆರೆಯ ದೇಶದಲ್ಲಿ ಒತ್ತೆಯಿಟ್ಟಂತೆ ಇಟ್ಟು ಡಾಲರನ್ನು ಪಡೆಯುತ್ತದೆ. ಕಾಲಾವಧಿ ಮುಗಿದಾಗ ಡಾಲರನ್ನು ಹಿಂದಿರುಗಿಸಿ ತನ್ನ ನಾಣ್ಯವನ್ನು ಬಿಡಿಸಿಕೊಳ್ಳುತ್ತದೆ. ಮೊದಲು ಇಬ್ಬಿಬ್ಬರ ನಡುವಿನ ಕರಾರುಗಳಾಗಿದ್ದ ಈ ಏರ್ಪಾಡು ೨೦೧೦ರಲ್ಲಿ ಎಲ್ಲರ ಒಂದೇ ಕರಾರಾಯಿತು. ೨೦೧೪ರಲ್ಲಿ ಅದರ ಮೊತ್ತವು ೨೪,೦೦೦ ಕೋಟಿ ಡಾಲರಿಗೆ ಏರಿತು. ಅದರಲ್ಲಿ ಚೀನಾದ ಪಾಲು ಶೇಕಡಾ ೩೨, ಜಪಾನಿನ ಪಾಲೂ ಶೇಕಡಾ ೩೨. ಇಬ್ಬರಲ್ಲಿ ಯಾರೂ ಹಿರಿಯರಲ್ಲ, ಯಾರೂ ಕಿರಿಯರಲ್ಲ. ದಕ್ಷಿಣ ಕೊರಿಯಾದ್ದು ಶೇಕಡಾ ೧೬. ಉಳಿದ ಶೇಕಡಾ ೨೦ ಆಸಿಯಾನ್ ದೇಶಗಳದು.

ಹಣಕ್ಕಿಂತಲೂ ನಮ್ಮ ಮಕ್ಕಳಿಗೆ ಸುಲಭವಾಗಿ ತಿಳಿಯುವ ಇನ್ನೊಂದು ದೃಷ್ಟಾಂತವಿದೆ. ಅದು ಅಕ್ಕಿಯದು. ಈ ಭಾಗದ ದೇಶಗಳೆಲ್ಲ ಅನ್ನವನ್ನುಣ್ಣುವ ದೇಶಗಳು. ಬಿರುಗಾಳಿ, ನೆರೆ, ಭೂಕಂಪಗಳು ಪದೇ ಪದೇ ಬಂದೆರಗುವ ದೇಶಗಳು. ೨೦೧೧ರ ಅಕ್ಟೋಬರಿನಲ್ಲಿ ಇವು ಆಪತ್ಕಾಲದ ಅಕ್ಕಿಯ ಕಾಪು ಒಂದನ್ನು ಏರ್ಪಡಿಸಿಕೊಂಡುವು. ಚೀನಾ ೩ ಲಕ್ಷ ಟನ್, ಜಪಾನ್ ೨.೫ ಲಕ್ಷ ಟನ್, ದಕ್ಷಿಣ ಕೊರಿಯಾ ೧.೫ ಲಕ್ಷ ಟನ್, ಆಸಿಯಾನ್ ದೇಶಗಳು ಒಟ್ಟಾಗಿ ೮೭,೦೦೦ ಟನ್; ಹೀಗೆ ಮೀಸಲಾದುದು ಒಟ್ಟು ೭,೮೭,೦೦೦ ಟನ್ ಅಕ್ಕಿ. ಇದೆಲ್ಲವೂ ಎಲ್ಲಿಯೋ ಒಂದೇ ಕಣಜದಲ್ಲಿ ತುಂಬಿದೆಯೆಂದು ತಿಳಿಯಬಾರದು. ಆಯಾ ದೇಶದ ಅಕ್ಕಿ ಆಯಾ ದೇಶದ ಉಗ್ರಾಣದಲ್ಲಿಯೇ ಇರುತ್ತದೆ; ನೆರೆಯವನ ಕೂಗು ಕೇಳಿದಾಗ ಇಷ್ಟನ್ನು ಕೊಡುವೆನೆಂಬ ಮಾತು ಮಾತ್ರ ಎಲ್ಲರ ಸೊತ್ತು. ೨೦೧೩ರ ನವೆಂಬರಿನಲ್ಲಿ ಹೈಯಾನ್ ಎಂಬ ಭೀಕರ ಚಂಡಮಾರುತವು ಫಿಲಿಪೀನ್ಸಿನ ಸಾವಿರಾರು ಜನರನ್ನು ಬಲಿತೆಗೆದುಕೊಂಡಾಗ, ಈ ಏರ್ಪಾಡಿನ ಮೂಲಕ ಅಲ್ಲಿಯ ಸಂತ್ರಸ್ತರಿಗೆ ಅಕ್ಕಿ ತಲಪಿತು.

ಮೂರನೆಯದು ಧೂಳಿನ ಕಥೆ. ಗೋಬಿ ಮರುಭೂಮಿಯ ಹಳದಿ ಧೂಳು ವಸಂತಕಾಲದ ಗಾಳಿಯನ್ನೇರಿ ಚೀನಾವನ್ನು ದಾಟಿ ಕೊರಿಯಾ, ಜಪಾನ್‌ಗಳವರೆಗೆ ಹೋಗುತ್ತದೆ. ಅದು ಯಾವ ಗಡಿಕಟ್ಟೆಯಲ್ಲಿಯೂ ನಿಂತು ರಹದಾರಿ ತೋರಿಸುವುದಿಲ್ಲ. ೨೦೦೨ರ ವಸಂತದಲ್ಲಿ ಸಿಯೋಲ್ ನಗರದ ಎಳೆಯ ಮಕ್ಕಳ ಶಾಲೆಗಳಿಗೆ ಧೂಳಿನ ದೆಸೆಯಿಂದ ರಜೆ ಕೊಡಬೇಕಾಯಿತು. ಕಾರ್ಖಾನೆಗಳ ಹೊಗೆಯಿಂದ ಹುಟ್ಟುವ ಸೂಕ್ಷ್ಮಧೂಳೂ ಇದರೊಡನೆ ಸೇರಿದಾಗ, ತಪ್ಪು ಯಾರದೆಂಬ ವಾದವೆದ್ದಿತು. ಕೊರಿಯಾದವರು ಚೀನಾದತ್ತ ಬೆರಳು ತೋರಿಸಿದರು; ಚೀನಾದವರು ಒಪ್ಪಲಿಲ್ಲ. ಕಡೆಗೆ ಮೂರು ದೇಶಗಳ ವಿಜ್ಞಾನಿಗಳೂ ಕೂಡಿ ಅಳೆದು ತೂಗಿ, ೨೦೧೯ರ ನವೆಂಬರಿನಲ್ಲಿ ಒಂದೇ ವರದಿಯನ್ನು ಪ್ರಕಟಿಸಿದರು. ಕೊರಿಯಾದ ಮೂರು ನಗರಗಳ ಸೂಕ್ಷ್ಮಧೂಳಿನಲ್ಲಿ ಶೇಕಡಾ ೩೨ರಷ್ಟು ಚೀನಾದಿಂದ ಬಂದುದು, ಶೇಕಡಾ ೫೧ರಷ್ಟು ಕೊರಿಯಾದಲ್ಲಿಯೇ ಹುಟ್ಟಿದುದು ಎಂದು ಅದರಲ್ಲಿ ಕಂಡುಬಂದಿತು. ಈ ಅಂಕೆಗಳಿಂದ ಇಬ್ಬರಿಗೂ ಪೂರ್ಣ ಸಂತೋಷವಾಗಲಿಲ್ಲ. ಆದರೆ ಲೆಕ್ಕ ಒಂದೇ ಆದುದರಿಂದ, ಮುಂದೆ ಆಡುವ ಮಾತಿಗೆ ಒಂದು ನೆಲೆ ದೊರೆಯಿತು.

ಈ ಮೂರು ದೇಶಗಳ ನಾಯಕರು ತಮ್ಮದೇ ಆದ ಪ್ರತ್ಯೇಕ ಸಮ್ಮೇಳನವನ್ನು ೨೦೦೮ರ ಡಿಸೆಂಬರಿನಲ್ಲಿ ಜಪಾನಿನ ದಜೈಫು ಎಂಬ ಊರಿನಲ್ಲಿ ಆರಂಭಿಸಿದರು. ೨೦೧೧ರಲ್ಲಿ ಸಿಯೋಲಿನಲ್ಲಿ ಒಂದು ಶಾಶ್ವತ ಕಾರ್ಯಾಲಯ ತೆರೆಯಿತು. ಅದರ ವೆಚ್ಚವನ್ನು ಮೂವರೂ ಸಮವಾಗಿ ಹೊರುತ್ತಾರೆ. ಮುಖ್ಯ ಕಾರ್ಯದರ್ಶಿಯ ಪದವಿ ಎರಡು ವರ್ಷಕ್ಕೊಮ್ಮೆ ಸರದಿಯಂತೆ ಬದಲಾಗುತ್ತದೆ. ಇಷ್ಟಾದರೂ ಹಳೆಯ ಗಾಯಗಳು ಮಾಯಲಿಲ್ಲ. ದ್ವೀಪಗಳ ಒಡೆತನ, ಯುದ್ಧಕಾಲದ ಅನ್ಯಾಯಗಳು ಇವುಗಳ ನಿಮಿತ್ತವಾಗಿ ವಿರಸ ತಲೆದೋರಿ, ೨೦೧೨ರ ಮೇ ತಿಂಗಳ ಅನಂತರ ೨೦೧೫ರ ನವೆಂಬರಿನವರೆಗೆ ಸಮ್ಮೇಳನ ನಡೆಯಲಿಲ್ಲ. ೨೦೧೯ರ ಡಿಸೆಂಬರಿನಲ್ಲಿ ಚೆಂಗ್ಡುವಿನಲ್ಲಿ ಸೇರಿದವರು ಮತ್ತೆ ಸಿಯೋಲಿನಲ್ಲಿ ಸೇರಿದುದು ೨೦೨೪ರ ಮೇ ತಿಂಗಳಲ್ಲಿ. ಆದರೆ ಗಮನಿಸತಕ್ಕ ಸಂಗತಿಯೆಂದರೆ, ನಾಯಕರು ಮುಖ ತಿರುಗಿಸಿಕೊಂಡಿದ್ದ ೨೦೧೩ ಮತ್ತು ೨೦೧೪ರಲ್ಲಿ ಸಹ ಪರಿಸರ ಖಾತೆಯ ಪ್ರತಿನಿಧಿಗಳು ವರ್ಷಂಪ್ರತಿ ಸೇರುತ್ತಲೇ ಇದ್ದರು. ಸಿಯೋಲಿನ ಕಾರ್ಯಾಲಯದ ಬಾಗಿಲು ಮುಚ್ಚಲಿಲ್ಲ. ಹಿರಿಯರ ಮಾತು ನಿಂತಾಗಲೂ ಹಿತ್ತಲ ಬಾಗಿಲಿನಿಂದ ಕೊಡುಕೊಳ್ಳುವುದು ನಡೆಯುವ ಮನೆಗಳಂತೆ.

ಉಪಾಧ್ಯಾಯನಾದ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸಿದ ಸಂಗತಿ ಇನ್ನು ಮುಂದಿನದು. ೨೦೦೧ರಲ್ಲಿ ಜಪಾನಿನಲ್ಲಿ ಅನುಮತಿ ಪಡೆದ ಚರಿತ್ರೆಯ ಪಠ್ಯಪುಸ್ತಕವೊಂದು ಯುದ್ಧಕಾಲದ ಅನ್ಯಾಯಗಳನ್ನು ಮರೆಮಾಚುತ್ತದೆಂದು ಚೀನಾ, ಕೊರಿಯಾಗಳಲ್ಲಿ ಪ್ರತಿಭಟನೆಯಾಯಿತು. ಜಪಾನಿನಲ್ಲಿಯೇ ಅನೇಕರು ಅದನ್ನು ವಿರೋಧಿಸಿದರು. ಆಗ ಮೂರು ದೇಶಗಳ ವಿದ್ವಾಂಸರೂ ಅಧ್ಯಾಪಕರೂ ನಾಗರಿಕರೂ ಒಂದಾಗಿ ಕುಳಿತು, ವಾಕ್ಯ ವಾಕ್ಯಕ್ಕೂ ಚರ್ಚಿಸಿ, ಪೂರ್ವ ಏಷ್ಯದ ಆಧುನಿಕ ಚರಿತ್ರೆಯ ಒಂದು ಪುಸ್ತಕವನ್ನು ಬರೆದರು. ೨೦೦೫ರಲ್ಲಿ ಅದು ಚೀನೀ, ಜಪಾನೀ, ಕೊರಿಯನ್ ಈ ಮೂರು ಭಾಷೆಗಳಲ್ಲಿಯೂ ಪ್ರಕಟವಾಯಿತು. ಸರಕಾರಗಳು ನೇಮಿಸಿದ ಪಠ್ಯ ಅದಲ್ಲ. ಬಯಸಿದವರು ಓದುವ ಪೂರಕ ಪುಸ್ತಕ. ಆದರೂ ಗೆದ್ದವರ ಮಕ್ಕಳೂ ಸೋತವರ ಮಕ್ಕಳೂ ಒಂದೇ ಪುಟವನ್ನು ಓದಬಹುದೆಂದು ಅದು ತೋರಿಸಿಕೊಟ್ಟಿತು.

ಅಕ್ಷರಗಳ ವಿಷಯದಲ್ಲಿಯೂ ಇಂತಹ ಒಂದು ಪ್ರಯತ್ನ ನಡೆದಿದೆ. ಚೀನಾದ ಚಿತ್ರಲಿಪಿಯ ಅಕ್ಷರಗಳು ಹಿಂದೆ ಮೂರು ದೇಶಗಳಿಗೂ ಸಮಾನವಾಗಿದ್ದುವು. ಕೊರಿಯಾದಲ್ಲಿ ರಾಜ ಸೆಜೋಂಗನು ೧೪೪೬ರಲ್ಲಿ ಹೊಸ ಲಿಪಿಯನ್ನು ಸಾರಿದನು. ಇಂದು ಅಲ್ಲಿ ಅದೇ ರೂಢಿಯಲ್ಲಿದೆ. ಆದರೂ ಹಳೆಯ ಅಕ್ಷರಗಳ ಪರಿಚಯ ಅಳಿದಿಲ್ಲ. ಬೆಟ್ಟವನ್ನು ಸೂಚಿಸುವ ಒಂದೇ ಅಕ್ಷರವನ್ನು ಚೀನಾದವನು 'ಶಾನ್' ಎಂದೂ, ಕೊರಿಯಾದವನು 'ಸಾನ್' ಎಂದೂ, ಜಪಾನಿನವನು 'ಸಾನ್' ಎಂದೋ ತನ್ನ ದೇಶೀಯ ಮಾತಿನಲ್ಲಿ 'ಯಾಮ' ಎಂದೋ ಓದುತ್ತಾನೆ. ಕನ್ನಡದ 'ಮಲೆ' ಮಲಯಾಳದಲ್ಲಿ 'ಮಲ' ಆಗುವುದನ್ನು ದಿನವೂ ಕೇಳುವ ನಮ್ಮ ಮಕ್ಕಳಿಗೆ ಇದು ವಿಚಿತ್ರವಾಗಿ ತೋರದು. ೨೦೧೪ರಲ್ಲಿ ಮೂರು ದೇಶಗಳ ಪಂಡಿತರು, ಇಂದಿಗೂ ಸಮಾನವಾಗಿ ಬಳಕೆಯಾಗುವ ೮೦೮ ಅಕ್ಷರಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಮಾತು ಬಾರದ ಇಬ್ಬರು ಕಾಗದದ ಮೇಲೆ ಬರೆದು ಒಬ್ಬರನ್ನೊಬ್ಬರು ಅರಿಯಲು ಅಷ್ಟು ಸಾಕು.

ಈ ಸಹಕಾರದ ಕೊರತೆಗಳನ್ನೂ ಮುಚ್ಚಿಡಬಾರದು. ಉತ್ತರ ಕೊರಿಯಾ ಈ ಕೂಟಗಳ ಹೊರಗೇ ಇದೆ. ಚಿಯಾಂಗ್ ಮಾಯ್ ಏರ್ಪಾಡಿನ ಹೆಚ್ಚಿನ ಪಾಲು ಹಣವನ್ನು ಪಡೆಯಬೇಕಾದರೆ ಅಂತರರಾಷ್ಟ್ರೀಯ ನಿಧಿಯ ಷರತ್ತುಗಳಿಗೂ ಒಪ್ಪಬೇಕು. ವ್ಯಾಪಾರದ ಬಾಗಿಲು ತೆರೆದರೆ ಎಲ್ಲರಿಗೂ ಲಾಭವೆಂದು ಹೇಳುವಂತಿಲ್ಲ. ೨೦೨೦ರ ನವೆಂಬರಿನಲ್ಲಿ ೧೫ ದೇಶಗಳು ಸಹಿಮಾಡಿದ ದೊಡ್ಡ ವ್ಯಾಪಾರದ ಒಪ್ಪಂದದ ಮಾತುಕತೆಯಲ್ಲಿ ನಮ್ಮ ಭಾರತವೂ ಇದ್ದಿತು. ಕೃಷಿಕರಿಗೂ ಹೈನುಗಾರರಿಗೂ ಸಣ್ಣ ಉದ್ಯಮಿಗಳಿಗೂ ಹಾನಿಯಾದೀತೆಂಬ ಶಂಕೆಯಿಂದ ೨೦೧೯ರಲ್ಲಿ ಹಿಂದೆ ಸರಿಯಿತು. ಕೂಡುವವನು ತನ್ನ ಮನೆಯವರ ಹಿತವನ್ನು ಮರೆಯಬಾರದೆಂಬುದೂ ನೆರೆಕರೆಯ ಧರ್ಮವೇ.

ಆದುದರಿಂದ ಮೊದಲು ಕೇಳಿದ ಪ್ರಶ್ನೆಗೆ ಉತ್ತರವಿಷ್ಟು: ಸ್ನೇಹ ಸಿದ್ಧಿಸಿದ ಮೇಲೆ ಸಹಕಾರ ಎಂದು ಕುಳಿತವನಿಗೆ ಎರಡೂ ದೊರೆಯಲಾರವು. ಅಕ್ಕಿ, ಹಣ, ಗಾಳಿ, ಅಕ್ಷರ ಇಂತಹ ಸಾಮಾನ್ಯ ಆವಶ್ಯಕತೆಗಳಿಂದ ಮೊದಲುಮಾಡಿದರೆ, ಜಗಳ ಬಂದ ದಿನವೂ ಕಡಿಯದ ಒಂದು ಎಳೆ ಉಳಿಯುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳವೆಂದು ಮೂರು ಮಾತುಗಳ ನಡುವೆ ಬೆಳೆಯುವ ನಮ್ಮ ಬಾಲಕ ಬಾಲಕಿಯರಿಗೆ ಈ ಪಾಠ ಪರಕೀಯವಲ್ಲ. ತನ್ನ ನುಡಿಯನ್ನು ಬಿಡದೆ ನೆರೆಯವನ ನುಡಿಯನ್ನು ಕಲಿಯುವುದು, ತನ್ನ ನೋವನ್ನು ಹೇಳಿಕೊಂಡಂತೆಯೇ ಅವನ ನೋವನ್ನೂ ಕೇಳಿಸಿಕೊಳ್ಳುವುದು: ಇವೆರಡು ಅಭ್ಯಾಸಗಳನ್ನು ಶಾಲೆಯ ಬೆಂಚಿನ ಮೇಲೆಯೇ ಮಾಡಿಕೊಳ್ಳಬಹುದು. ಮಕ್ಕಳು ಮನೆಗೆ ಹೋಗಿ ಭೂಪಟವನ್ನು ತೆರೆದು ಹಿರಿಯರಿಗೆ ಬುಸಾನನ್ನೂ ಸುಶಿಮಾವನ್ನೂ ತೋರಿಸಲಿ. ಹಿರಿಯರು ತಮ್ಮ ನೆರೆಕರೆಯ ಹಳೆಯ ಸಂಗತಿಗಳನ್ನು ಮಕ್ಕಳಿಗೆ ಹೇಳಲಿ. ಈ ಲೇಖನದ ಶ್ರಮ ಅಷ್ಟರಿಂದಲೇ ಸಾರ್ಥಕವಾದೀತು.