ಕೊಟ್ಟು ಕಸಿದುಕೊಂಡ ಸೀಟು

ಮೇ ತಿಂಗಳು ಬಂತೆಂದರೆ ಗೋಕಾಕ, ಮೂಡಲಗಿ, ಸಂಕೇಶ್ವರದ ರಸ್ತೆಗಳಲ್ಲಿ ಪ್ರವೇಶದ ಫಲಕಗಳದ್ದೇ ಕಾರುಬಾರು. ಒಂದು ಕಡೆ ಇಂಗ್ಲಿಷ್ ಮೀಡಿಯಂ ಸಾಲಿ, ಪಕ್ಕದಲ್ಲೇ ನವೋದಯ, ಮುರಾರ್ಜಿ, ಸೈನಿಕ ಶಾಲೆಯ ಪರೀಕ್ಷೆಗೆ ಕೋಚಿಂಗ್. ಕಾರ್ಖಾನೆಯಿಂದ ಕಬ್ಬಿನ ಬಿಲ್ಲು ಬರುವ ಮೊದಲೇ ಕೈಗಡ ತಂದು ಮೊದಲ ಕಂತು ಕಟ್ಟುವ ರೈತರಿದ್ದಾರೆ. ಇಂಥ ಮನೆಯ ಮಗುವಿನ ಫೀಯನ್ನು ಸರ್ಕಾರವೇ ಕಟ್ಟುವ ವ್ಯವಸ್ಥೆಯೊಂದು ನಮ್ಮಲ್ಲಿತ್ತು. ಈಗ ಅದು ಹೆಸರಿಗಷ್ಟೇ ಇದೆ.

ಸರ್ಕಾರ ಶಾಲೆ ನಡೆಸುವ ಬದಲು ಪಾಲಕರ ಕೈಗೆ ಶುಲ್ಕದ ಚೀಟಿ ಕೊಡಲಿ, ಅವರು ತಮಗೆ ಬೇಕಾದ ಶಾಲೆ ಆರಿಸಿಕೊಳ್ಳಲಿ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ವಾದಿಸಿದ್ದರು. ಅದೇ ಸ್ಕೂಲ್ ವೋಚರ್. ಚಿಲಿ, ಸ್ವೀಡನ್ ದೇಶಗಳು ಅದನ್ನು ತಮ್ಮದೇ ರೀತಿಯಲ್ಲಿ ಜಾರಿಗೆ ತಂದವು. ನಮ್ಮಲ್ಲಿ ಅದಕ್ಕೆ ತೀರ ಹತ್ತಿರದ್ದೆಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಕಲಂ. ಖಾಸಗಿ ಅನುದಾನರಹಿತ ಶಾಲೆಯ ಪ್ರವೇಶ ತರಗತಿಯಲ್ಲಿ ಶೇ 25 ಸೀಟು ಬಡ ಮತ್ತು ಅವಕಾಶವಂಚಿತ ಮಕ್ಕಳಿಗೆ. ಕರ್ನಾಟಕ ಈ ಪಾಲನ್ನು ಪರಿಶಿಷ್ಟ ಜಾತಿಗೆ 7.5, ಪರಿಶಿಷ್ಟ ಪಂಗಡಕ್ಕೆ 1.5, ಉಳಿದವರಿಗೆ 16 ಎಂದು ಹಂಚಿತು. ಆರಂಭದಲ್ಲಿ ಸರ್ಕಾರ ಶಾಲೆಗೆ ಮರುಪಾವತಿಸುತ್ತಿದ್ದದ್ದು ಒಂದನೇ ತರಗತಿಗೆ ವರ್ಷಕ್ಕೆ ಗರಿಷ್ಠ 11,848 ರೂಪಾಯಿ. ಮುಂದೆ ಅದು 16,000ಕ್ಕೆ ಏರಿತು.

ಹಳ್ಳಿಯವರಿಗೆ ಅದರಲ್ಲೊಂದು ತೊಡಕಿತ್ತು. ಸೀಟು ನೆರೆಹೊರೆಯ ಮಕ್ಕಳಿಗಷ್ಟೇ; ನೆರೆಹೊರೆ ಎಂದರೆ ಹಳ್ಳಿಯಲ್ಲಿ ಕಂದಾಯ ಗ್ರಾಮ, ಪಟ್ಟಣದಲ್ಲಿ ವಾರ್ಡು. ಹುಕ್ಕೇರಿ ತಾಲ್ಲೂಕಿನ ಯಾವುದೋ ಮೂಲೆಯ ಊರಲ್ಲಿ ಖಾಸಗಿ ಶಾಲೆಯೇ ಇಲ್ಲದಿದ್ದರೆ, ಆ ಕೂಲಿಕಾರನ ಮಗು ಸಂಕೇಶ್ವರದ ಸೀಟಿಗೆ ಅರ್ಜಿ ಹಾಕುವಂತಿರಲಿಲ್ಲ. ತಹಶೀಲ್ದಾರ್ ಕಚೇರಿಗೆ ಅಲೆದು ಆದಾಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ತಂದು, ಆನ್‌ಲೈನ್ ಲಾಟರಿಯಲ್ಲಿ ಹೆಸರು ಬಂದವರು ಹೆಚ್ಚಾಗಿ ಪಟ್ಟಣದ ವಾರ್ಡಿನವರೇ. ಎಂಟನೇ ತರಗತಿ ಮುಗಿದೊಡನೆ ಹಕ್ಕೂ ಮುಗಿಯುತ್ತದೆ. ಒಂಬತ್ತಕ್ಕೆ ಕಾಲಿಟ್ಟ ಮಗುವಿನ ಮುಂದೆ ಪೂರ್ತಿ ಫೀ.

ಅಷ್ಟಾದರೂ ಅದೊಂದು ಬಾಗಿಲಾಗಿತ್ತು. 2019ರ ಜನವರಿ 30ರ ಅಧಿಸೂಚನೆ ಅದನ್ನು ಮುಚ್ಚಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಸೀಟು ಕೊಡಬೇಕಾಗಿಲ್ಲ ಎಂದಾಯಿತು. ನಮ್ಮ ಭಾಗದಲ್ಲಿ ಸರ್ಕಾರಿ ಶಾಲೆ ಇಲ್ಲದ ಊರು ಹುಡುಕಿದರೂ ಸಿಗುವುದು ಕಷ್ಟ. ಹಾಗಾಗಿ ಸೀಟು ಉಳಿಯಲೇ ಇಲ್ಲ. ಮೇ 31ರಂದು ಹೈಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರ ಸರ್ಕಾರ 2024ರ ಫೆಬ್ರವರಿಯಲ್ಲಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ಜುಲೈನಲ್ಲಿ ರದ್ದುಮಾಡಿತು, ಸುಪ್ರೀಂ ಕೋರ್ಟೂ ಅದನ್ನು ಬದಲಿಸಲಿಲ್ಲ. ಸಂಕೇಶ್ವರದಿಂದ ಗಡಿ ದಾಟಿ ಗಡಹಿಂಗ್ಲಜಕ್ಕೆ ಹೋದರೆ ಬಡ ಮಗುವಿಗೆ ಇರುವ ಹಕ್ಕು ಈಚೆ ಇಲ್ಲ.

ಖಾಸಗಿ ಶಾಲೆಗೆ ಸುರಿಯುವ ಹಣವನ್ನು ನಮ್ಮ ಶಾಲೆಗಳಿಗೇ ಹಾಕೋಣ ಎಂಬುದು ಸರ್ಕಾರದ ಸಮರ್ಥನೆಯಾಗಿತ್ತು. ಮಾತು ಸರಿಯೇ. ಆದರೆ 2019ರ ಆಗಸ್ಟ್‌ನಲ್ಲೇ ಘಟಪ್ರಭೆ, ಮಾರ್ಕಂಡೇಯ ಉಕ್ಕಿ ಗೋಕಾಕದೊಳಗೆ ನುಗ್ಗಿದವು, ನದಿ ದಂಡೆಯ ಊರುಗಳಲ್ಲಿ ಶಾಲೆಯ ಗೋಡೆಗಳೂ ನೆನೆದವು. ಗೋಡೆಯನ್ನು ಹೇಗೋ ಮತ್ತೆ ಕಟ್ಟಬಹುದು. ಇಬ್ಬರೇ ಮಾಸ್ತರು ಐದು ಇಯತ್ತೆ ನಡೆಸುವ ಶಾಲೆಯಲ್ಲಿ ಮಗುವಿಗೆ ಓದಲು ಬಾರದಿದ್ದರೆ ಪಾಲಕರು ಖಾಸಗಿ ಶಾಲೆಯ ಹಳದಿ ಗಾಡಿ ಹತ್ತಿಸದೆ ಇನ್ನೇನು ಮಾಡಿಯಾರು?

ಹಾಗೆಂದು ವೋಚರ್ ಕೊಟ್ಟೊಡನೆ ಕಲಿಕೆ ಸುಧಾರಿಸುತ್ತದೆ ಎಂದು ನಾನು ನಂಬುವುದಿಲ್ಲ. ಅವಿಭಜಿತ ಆಂಧ್ರಪ್ರದೇಶದ ಹಳ್ಳಿಗಳಲ್ಲಿ 2008ರಿಂದ ಲಾಟರಿ ಎತ್ತಿ ಮಕ್ಕಳಿಗೆ ಖಾಸಗಿ ಶಾಲೆಯ ವೋಚರ್ ಕೊಟ್ಟು, ನಾಲ್ಕು ವರ್ಷಗಳ ನಂತರ ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಪರೀಕ್ಷಿಸಿದರು. ತೆಲುಗು, ಗಣಿತದಲ್ಲಿ ಎರಡೂ ಕಡೆಯ ಮಕ್ಕಳು ಸಮ. ಹಿಂದಿಯಲ್ಲಿ ಮಾತ್ರ ವೋಚರ್ ಪಡೆದವರು ಮುಂದೆ. ಖಾಸಗಿ ಶಾಲೆಗೆ ತಗಲಿದ ಖರ್ಚು ಸರ್ಕಾರಿ ಶಾಲೆಯ ಖರ್ಚಿನ ಮೂರನೇ ಒಂದು ಭಾಗಕ್ಕೂ ಕಡಿಮೆ ಎಂಬುದೂ ನಿಜ. ಅದಕ್ಕೆ ದೊಡ್ಡ ಕಾರಣ ಅಲ್ಲಿನ ಶಿಕ್ಷಕರಿಗೆ ಸಿಗುತ್ತಿದ್ದ ಅಲ್ಪ ಸಂಬಳ.

ನಮ್ಮ ಸೀಮೆಗೆ ಇದಕ್ಕಿಂತ ಹಳೆಯ, ಗಟ್ಟಿಯಾದ ದಾರಿಯೊಂದು ಗೊತ್ತಿದೆ. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಹುಟ್ಟುಹಾಕಿದರು. ತಾಲ್ಲೂಕು ತಾಲ್ಲೂಕುಗಳಲ್ಲಿ ಮಠಗಳು, ವಿದ್ಯಾಸಂಘಗಳು ಶಾಲೆ ತೆರೆದವು. ಸಂಸ್ಥೆ ಜನರದ್ದು, ಮಾಸ್ತರರ ಪಗಾರ ಸರ್ಕಾರದ್ದು. ಒಕ್ಕಲಿಗನ ಮಗನೂ ಕೂಲಿಕಾರನ ಮಗಳೂ ಒಂದೇ ಬೆಂಚಿನಲ್ಲಿ ಕನ್ನಡದಲ್ಲಿ ಕಲಿತರು. ಈ ಅನುದಾನಿತ ಶಾಲೆಗಳನ್ನು ಇಂದು ಒಣಗಲು ಬಿಟ್ಟಿದ್ದೇವೆ. 1995ರ ನಂತರ ಶುರುವಾದ ಕನ್ನಡ ಶಾಲೆಗಳಿಗೂ ಅನುದಾನ ಕೊಡಿ ಎಂಬ ಬೇಡಿಕೆ ಸರ್ಕಾರದಿಂದ ಸರ್ಕಾರಕ್ಕೆ ದಾಟುತ್ತಲೇ ಇದೆ. ನಿವೃತ್ತರ ಜಾಗಕ್ಕೆ ನೇಮಕಾತಿಯ ಅನುಮತಿ ಸಿಗುವಷ್ಟರಲ್ಲಿ ವರ್ಷಗಳು ಕಳೆಯುತ್ತವೆ.

ಅನುದಾನಿತ ಕನ್ನಡ ಶಾಲೆಗಳ ಖಾಲಿ ಹುದ್ದೆ ಮೊದಲು ತುಂಬಬೇಕು. ಸರ್ಕಾರಿ ಶಾಲೆಯಲ್ಲಿ ಇಯತ್ತೆಗೊಬ್ಬ ಶಿಕ್ಷಕ ಬರುವವರೆಗೆ ಆ ನೆರೆಹೊರೆಯ ಬಡ ಮಕ್ಕಳಿಗೆ ಶೇ 25ರ ಸೀಟನ್ನು ಮರಳಿಸಬೇಕು, ಪಕ್ಕದ ಪಟ್ಟಣದ ಶಾಲೆಗೂ ಅರ್ಜಿ ಹಾಕಲು ಬಿಡಬೇಕು. ಶಾಲೆಯನ್ನು ಸರಿಪಡಿಸುವ ಮೊದಲೇ ಬಾಗಿಲು ಮುಚ್ಚಿದ್ದು ಅನ್ಯಾಯ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಮುಂದಿನ ಸಭೆಗೆ ತಪ್ಪದೆ ಹೋಗಿ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಮುಖ್ಯ ಗುರುಗಳನ್ನು ಕೇಳಿ, ಠರಾವು ಬರೆಸಿ, ಅದರ ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೂ ನಿಮ್ಮ ಶಾಸಕರಿಗೂ ಮುಟ್ಟಿಸಿ.